ಹಿಪ್ಪುನೇರಳೆಯ ಕಮಾನು

ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಎರಡಿವೆ. ಒಂದು ಇಡ್ಲಿಗೆ, ಇನ್ನೊಂದು ಮರಕ್ಕೆ. ಮರಕ್ಕಿರುವುದು ದೊಡ್ಡದು, ಮದುವೆ ಅಡುಗೆಯವರೊಬ್ಬರು ಕಸುಬು ಬಿಟ್ಟಾಗ ಮಾರಿದ್ದು. ಅದರ ಮುಚ್ಚಳಕ್ಕೆ ತೂತು ಕೊರೆದು, ಕಬ್ಬಿಣದ ಕೊಳವೆ ಸಿಗಿಸಿ, ಕೊಳವೆಯ ಇನ್ನೊಂದು ತುದಿಯನ್ನು ಉದ್ದನೆಯ ಪ್ಲೈವುಡ್ ಪೆಟ್ಟಿಗೆಗೆ ಸೇರಿಸಿದ್ದಾರೆ ನಮ್ಮ ಯಜಮಾನರು. ಪಾತ್ರೆಯಲ್ಲಿ ನೀರು ಕುದಿಯುತ್ತದೆ, ಆವಿ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆಯೊಳಗೆ ತೆಳುವಾಗಿ ಸೀಳಿದ ಮರದ ಪಟ್ಟಿಗಳು ಬೇಯುತ್ತವೆ. ಬೆಂದ ಪಟ್ಟಿಯನ್ನು ಬಿಸಿಯಿರುವಾಗಲೇ ಅಚ್ಚಿನ ಸುತ್ತ ಬಗ್ಗಿಸಿ ಕಟ್ಟಿಟ್ಟರೆ, ಒಣಗಿದ ಮೇಲೂ ಅದು ಹಾಗೇ ನಿಲ್ಲುತ್ತದೆ. ಕನ್ನಡಿಯ ಸುತ್ತಲಿನ ಬಳ್ಳಿ, ದೇವರ ಮನೆಯ ಕಮಾನು, ದೀಪದ ಗೂಡು, ಬಾಗಿಲ ಮೇಲಿನ ಹಂಸ, ಹೀಗೆ ಏನೇನೋ ಮಾಡುತ್ತೇವೆ. ಕೊಡಿಗೇಹಳ್ಳಿಯ ನಮ್ಮ ಮನೆಯ ಹಿಂದೆ ಇರುವ ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಇದೇ ನಮ್ಮ ಅನ್ನ.

ಬಂದವರು ನಗುತ್ತಾರೆ. “ಮರ ಬೇಯಿಸ್ತೀರಾ? ಬೆಂದಿದೆ ಅಂತ ಹೆಂಗೆ ಗೊತ್ತಾಗುತ್ತೆ, ಚಾಕು ಚುಚ್ಚಿ ನೋಡ್ತೀರಾ?” ಎಂದು ಕೇಳುತ್ತಾರೆ. ಇನ್ನು ಕೆಲವರು ಗಾದೆ ಹೇಳುತ್ತಾರೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ. ಆ ಗಾದೆ ಕಟ್ಟಿದವರು ನಮ್ಮ ಶೆಡ್ಡಿಗೆ ಬಂದಿರಲಿಲ್ಲ, ಅಷ್ಟೆ. ಮರ ಬಗ್ಗುತ್ತದೆ. ಬಗ್ಗದೆ ಇರುವುದು ಗಂಡಸರು. ಇದನ್ನು ನಾನು ಎಷ್ಟೋ ಸಲ ಇವರ ಮುಖದ ಮೇಲೇ ಹೇಳಿದ್ದೇನೆ, ಇವರು ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು ನಕ್ಕಿದ್ದಾರೆ.

ನಾನು ರಾಜಾನುಕುಂಟೆ ಕಡೆಯವಳು. ನಮ್ಮಪ್ಪನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಅವನ್ನು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ಚಾಪೆ. ಅದರ ಮೇಲೆ ಬಿದಿರಿನ ತೆಳು ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾಗಿ ನಿಲ್ಲಿಸಿ ಹೊಲಿದಿರುತ್ತಾರೆ, ಆ ಸಂದಿಗಳಲ್ಲಿ ಹುಳು ಕೂತು ನೂಲುತ್ತದೆ. ಗೂಡು ಬಿಡಿಸಿದ ಮೇಲೆ ಚಂದ್ರಿಕೆ ತೊಳೆದು ಮೂಡಲ ಗೋಡೆಗೆ ಒರಗಿಸಿ ಬಿಸಿಲಿಗೆ ಇಡುವುದು ಹೆಣ್ಣುಮಕ್ಕಳ ಕೆಲಸ. ತಿರುವಿ ತಿರುವಿ ಇಡಬೇಕು, ಒದ್ದೆ ಉಳಿದರೆ ಬೈಗುಳ. ನನಗೆ ಗೊತ್ತಿದ್ದ ಮರಗೆಲಸವೆಲ್ಲ ಇಷ್ಟೇ.

ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಇವರು ಯಶವಂತಪುರಕ್ಕೆ ಸಾಮಾನು ತರಲು ಹೋಗಿದ್ದರು. ಶೆಡ್ಡಿನೊಳಗೆ ಇಣುಕಿದೆ. ಬಗ್ಗಿಸಿದ ಪಟ್ಟಿಗಳನ್ನೆಲ್ಲ ಹಳೇ ಸೈಕಲ್ ಟ್ಯೂಬಿನಿಂದ ಕಟ್ಟಿ ಕತ್ತಲಲ್ಲಿ ಇಟ್ಟಿದ್ದರು. ಮುಟ್ಟಿದರೆ ತೇವ. ಅಯ್ಯೋ, ಈ ಮನುಷ್ಯನಿಗೆ ಇಷ್ಟೂ ತಿಳಿಯದೇ ಅನ್ನಿಸಿತು. ಒಂದೊಂದನ್ನೇ ಬಿಚ್ಚಿ, ಹೊರಗೆ ತಂದು, ಮೂಡಲ ಗೋಡೆಗೆ ಸಾಲಾಗಿ ಒರಗಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮಧ್ಯಾಹ್ನದವರೆಗೆ ತಿರುವಿ ತಿರುವಿ ಇಟ್ಟೆ. ಸಂಜೆ ಇವರು ಬರುವ ಹೊತ್ತಿಗೆ ಕಮಾನುಗಳೆಲ್ಲ ಕೈಕಾಲು ಚಾಚಿಕೊಂಡು ಹೆಚ್ಚುಕಮ್ಮಿ ನೆಟ್ಟಗಾಗಿದ್ದವು. ಬೈಯುತ್ತಾರೆ ಅಂದುಕೊಂಡೆ. ಬೈದರೆ ತಿರುಗಿ ಬೈಯಲು ತಯಾರಾಗಿಯೂ ನಿಂತಿದ್ದೆ, ನನಗೆ ಕೋಪ ಮೂಗಿನ ತುದಿಯಲ್ಲೇ. ಇವರು ಗೋಡೆಯ ಉದ್ದಕ್ಕೂ ನಡೆದು ನೋಡಿ, “ಇದು ಚಂದ್ರಿಕೆ ಅಲ್ಲ ಕಣೇ. ಬಿಸಿಲಿಗೆ ಇಟ್ರೆ ಬಂದ ದಾರಿ ಹಿಡ್ಕೊಂಡು ವಾಪಸ್ ಹೋಗ್ತದೆ. ನೆರಳಲ್ಲಿ, ಕಟ್ಟಿದಂಗೇ ಒಣಗಬೇಕು” ಅಂದರು.

ಆಮೇಲೆ ಕೇಳಿದರು, ಚಂದ್ರಿಕೆ ಅಂದರೆ ಹೇಗಿರುತ್ತದೆ ಅಂತ. ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದೆ. ಹಾಳಾದ ಪಟ್ಟಿಗಳನ್ನು ಮತ್ತೆ ಆವಿಗೆ ಹಾಕಿ, ನಾನು ಬರೆದ ಹಾಗೆಯೇ ಸುತ್ತುಸುತ್ತಾಗಿ ಬಗ್ಗಿಸಿ, ಹಿಂದೆ ಒಂದು ಬಲ್ಬ್ ಇಟ್ಟರು. ಸಹಕಾರನಗರದ ಒಂದು ಮನೆಯವರು ನೋಡಿ ತಮಗೂ ಬೇಕೆಂದರು, ಅಲ್ಲಿಂದ ಇನ್ನೊಬ್ಬರು. ಇವತ್ತಿಗೂ ಈ ಕಡೆಯ ಅಪಾರ್ಟ್‌ಮೆಂಟುಗಳ ಎಷ್ಟೋ ಗೋಡೆಗಳ ಮೇಲೆ ನಮ್ಮ ಚಂದ್ರಿಕೆ ದೀಪ ಉರಿಯುತ್ತಿದೆ. ಹುಳುವಿನ ಮಂಚ ಅಂತ ಅವರಿಗೆ ಗೊತ್ತಿಲ್ಲ, ನಾವೂ ಹೇಳಲು ಹೋಗಿಲ್ಲ.

ಅವತ್ತಿನಿಂದ ನಾನು ಶೆಡ್ಡಿನವಳಾದೆ. ಉದ್ದದ ಪಟ್ಟಿ ಬಗ್ಗಿಸಲು ನಾಲ್ಕು ಕೈ ಬೇಕೇ ಬೇಕು. ಪೆಟ್ಟಿಗೆಯಿಂದ ತೆಗೆದ ಮೇಲೆ ಮರ ಮೆತ್ತಗಿರುವುದು ಸ್ವಲ್ಪವೇ ಹೊತ್ತು, ಒಂದು ಲೋಟ ಬಿಸಿ ಕಾಫಿ ಕುಡಿಯುವುದರೊಳಗೆ ಅದು ತನ್ನ ಹಟಕ್ಕೆ ಮರಳುತ್ತದೆ. ಒಬ್ಬರು ಒಂದು ತುದಿಯನ್ನು ಅಚ್ಚಿಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಇನ್ನೊಂದು ತುದಿ ಹಿಡಿದು ಅಚ್ಚಿನ ಸುತ್ತ ಬರಬೇಕು, ಓಡಬಾರದು, ನಿಲ್ಲಲೂಬಾರದು. ಸುತ್ತಿ ಬಂದ ತುದಿಯನ್ನು ಒತ್ತಿ ಹಿಡಿದವರ ಕೈಗೆ ಕೊಟ್ಟು ಕ್ಲಾಂಪ್ ಹಾಕಬೇಕು. ಹಾಗೆ ಕೈ ಬದಲಾಗುವಾಗಲೇ ಅಪಾಯ. ಬಗ್ಗಿದ ಮರ ಬಿಟ್ಟರೆ ಸಿಡಿಯುತ್ತದೆ. ಇವರು ಚಿಕ್ಕವಯಸ್ಸಿನಲ್ಲಿ ಒಂದು ಕುರ್ಚಿ ಕಾರ್ಖಾನೆಯಲ್ಲಿ ಈ ಕೆಲಸ ಕಲಿಯುವಾಗ ಹಾಗೆ ಸಿಡಿದ ಪಟ್ಟಿಯೊಂದು ಹುಬ್ಬು ಸೀಳಿತ್ತು, ಗಾಯದ ಗುರುತು ಈಗಲೂ ಇದೆ. ಅದಕ್ಕೇ ಇವರದ್ದೊಂದು ಕಟ್ಟುಪಾಡು. ಕೊಡುವವರು “ಸಿಕ್ತಾ?” ಅಂತ ಕೇಳಬೇಕು. ತೆಗೆದುಕೊಳ್ಳುವವರು “ಸಿಕ್ತು” ಅನ್ನಬೇಕು. ಅನ್ನುವ ತನಕ ಬಿಡುವ ಹಾಗಿಲ್ಲ, ಕೈ ಸುಟ್ಟರೂ ಸರಿ.

ಈ ಎರಡು ಮಾತು ಶೆಡ್ಡಿನಿಂದ ಮನೆಯೊಳಗೂ ಬಂದುಬಿಟ್ಟವು. ಬಿಸಿ ಲೋಟ ಕೊಡುವಾಗ, ಅಟ್ಟದಿಂದ ಡಬ್ಬಿ ಇಳಿಸುವಾಗ, ಬಸ್ಸಿನ ಕಿಟಕಿಯಿಂದ ಚೀಲ ದಾಟಿಸುವಾಗ, “ಸಿಕ್ತಾ?” “ಸಿಕ್ತು.” ಒಬ್ಬಳೇ ಮಗಳು ನಮಗೆ. ಅವಳು ಮಾತು ಕಲಿಯುವಾಗ ಅಪ್ಪ ಅಮ್ಮ ಆದ ಮೇಲೆ ಬಂದ ಮಾತು ಇದೇ. ಕೈಯಲ್ಲಿ ಏನಿಟ್ಟರೂ “ಚಿಕ್ತು” ಅನ್ನುತ್ತಿದ್ದಳು.

ಇವರ ಕೈಯ ವಿಷಯ ನನಗೆ ಮೊದಲು ಹೇಳಿದ್ದು ಮರ.

ಮಗಳು ಬಸುರಿಯಾಗಿದ್ದ ವರ್ಷ. ಯಲಹಂಕದ ಒಂದು ಮನೆಗೆ ದೇವರ ಕೋಣೆಯ ಕಮಾನು ಬಗ್ಗಿಸುತ್ತಿದ್ದೆವು. ಸುತ್ತಿ ಬಂದಾಗಿತ್ತು, ಇವರು ಆ ತುದಿ ಹಿಡಿದು ನಿಂತಿದ್ದರು, ನಾನು ಈ ತುದಿ. ಕ್ಲಾಂಪ್ ಹಾಕಿಯಾಗಿತ್ತು, ಹಿಡಿತ ಸಡಿಲಿಸಿ ಮರ ಆರಲು ಬಿಟ್ಟ ಹೊತ್ತು. ಆಗ ನನ್ನ ಬೆರಳಿಗೆ ಏನೋ ತಾಕಿತು. ಪಟ್ಟಿಯೊಳಗಿನಿಂದ ಸಣ್ಣಗೆ, ಬಿಡದೆ, ನಡುಕ. ತೆಳು ಮರ ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಆ ತುದಿಯದ್ದನ್ನು ಈ ತುದಿಗೆ ಹೇಳಿಬಿಡುತ್ತದೆ. ನಾನು ತಲೆಯೆತ್ತಿ ನೋಡಿದೆ. ಇವರು ಕಿಟಕಿಯ ಕಡೆ ನೋಡುತ್ತಿದ್ದರು.

“ಕೈ ಯಾಕ್ರೀ ನಡುಗ್ತಿದೆ?”

“ಚಳಿ.”

ಏಪ್ರಿಲ್ ತಿಂಗಳು. ತಗಡಿನ ಶೆಡ್ಡು, ಪಕ್ಕದಲ್ಲಿ ಕುದಿಯುವ ಪಾತ್ರೆ. ಚಳಿಯಂತೆ.

ಆಮೇಲೆ ಗಮನಿಸತೊಡಗಿದೆ. ಪೇಪರ್ ಓದುವಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಕಾಫಿ ಲೋಟವನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಹೊರಗೆ ಹೋದರೆ ಕೈ ಜೇಬಿನಲ್ಲಿ. ಜಗಳ ಮಾಡಿ, ಊಟ ಬಿಟ್ಟು, ಕೊನೆಗೆ ಆಟೋ ತರಿಸಿ ಬಾಗಿಲಲ್ಲಿ ನಿಲ್ಲಿಸಿ, ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ನಡೆಸಿ ನೋಡಿದರು, ಬೆರಳು ಮಡಿಸಿ ಬಿಚ್ಚಿಸಿದರು. ನರದ ಕಾಯಿಲೆ, ಪೂರ್ತಿ ಹೋಗುವಂಥದ್ದಲ್ಲ, ಮಾತ್ರೆಯಿಂದ ಹಿಡಿತದಲ್ಲಿ ಇಟ್ಟುಕೊಳ್ಳಬಹುದು, ನಿಧಾನವಾಗಿ ಮುಂದುವರಿಯುತ್ತದೆ ಎಂದು ಸಮಾಧಾನವಾಗಿ ಹೇಳಿದರು. ಇವರು ಕೇಳಿದ್ದು ಒಂದೇ ಮಾತು. “ಕೆಲಸ ಮಾಡಬಹುದಾ ಮೇಡಂ?”

“ಖಂಡಿತ ಮಾಡಿ. ಬಿಡಬೇಡಿ,” ಅಂದರು ಅವರು.

ಹೊರಗೆ ಬಂದು ಸರ್ವಿಸ್ ರೋಡಿನ ಪಕ್ಕ ಎಳನೀರು ಕುಡಿದೆವು. ಇವರು ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡರು, ಮಗಳಿಗೆ ಹೇಳಬಾರದು, ಬಸುರಿ ಹುಡುಗಿ ಗಾಬರಿಯಾಗುತ್ತಾಳೆ ಅಂತ. ಅದು ಸರಿಯೇ ಅನ್ನಿಸಿ ಒಪ್ಪಿಕೊಂಡೆ. ನನ್ನ ಕೈಯ ಮೇಲೆ ಸಡಿಲವಾಗಿ ಬಿದ್ದಿದ್ದ ಆ ಕೈ ನಡುಗುತ್ತಲೇ ಇತ್ತು. ಮೂವತ್ತು ವರ್ಷ ನನ್ನ ಎದುರು ತುದಿಯಲ್ಲಿದ್ದ ಕೈ ಅದು. ನನಗೆ ಅಳು ಬಂತು, ಎಳನೀರು ಸಪ್ಪೆ ಅಂತ ಅಂಗಡಿಯವನ ಮೇಲೆ ರೇಗಿದೆ.

ಮಗಳಿಗೆ ಹೆಣ್ಣು ಮಗುವಾಯಿತು. ಬಾಣಂತನಕ್ಕೆ ನಮ್ಮ ಮನೆಗೇ ಬಂದಳು. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಇವರು ಕೂಸನ್ನು ದೂರದಿಂದ ಬಗ್ಗಿ ನೋಡಿದರು, ಕಣ್ಣು ತುಂಬಿಕೊಂಡಿತ್ತು, ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಮನೆಗೆ ಬಂದ ಮೇಲೂ ಹಾಗೆಯೇ. “ತಗೊಳ್ಳಿ ಅಪ್ಪ” ಅಂತ ಮಗಳು ಕೂಸನ್ನು ಚಾಚಿದರೆ ಮೈಯೆಲ್ಲ ಮರದ ಹೊಟ್ಟು ಅನ್ನುತ್ತಿದ್ದರು. ಸ್ನಾನ ಮಾಡಿ ಬಂದಾಗ ಕೊಟ್ಟರೆ, ನೆಗಡಿ. ನೆಗಡಿ ಇಲ್ಲದಾಗ, ಈಗ ತಾನೇ ಮಲಗಿದೆಯಲ್ಲ, ಎಬ್ಬಿಸಬೇಡ. ಬಾಗಿಲಲ್ಲಿ ನಿಂತು ನಾಲಿಗೆಯಲ್ಲಿ ಟಕ್ ಟಕ್ ಅನ್ನಿಸಿ ಆಡಿಸುತ್ತಿದ್ದರು. ಹೊಸ್ತಿಲು ದಾಟುತ್ತಿರಲಿಲ್ಲ.

ಒಂದು ದಿನ ಎಣ್ಣೆ ನೀರು ಹಾಕಿ, ಮಗಳ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದೆ. ಅವಳು ನನ್ನ ಕಡೆ ತಿರುಗದೆಯೇ ಕೇಳಿದಳು.

“ಅಮ್ಮ, ಅಪ್ಪಂಗೆ ಹೆಣ್ಣಾಯ್ತು ಅಂತ ಬೇಜಾರಾ?”

“ಬಾಯಿ ಮುಚ್ಚು. ಅಪ್ಪನ್ನ ಅಷ್ಟೇನಾ ನೀನು ತಿಳ್ಕೊಂಡಿರೋದು?”

“ಮತ್ತೆ ಯಾಕೆ ಮುಟ್ಟಲ್ಲ? ಒಂದ್ಸಲನಾದ್ರೂ ಎತ್ಕೊಂಡಿದ್ದಾರಾ ಹೇಳು.”

ಇವರಿಗೆ ಮಾಡಿದ್ದ ಆಣೆ ನೆನಪಾಯಿತು. ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಅವಳೂ ಒರೆಸಿಕೊಂಡಳು, ಅವಳದ್ದು ಹೊಗೆಯಿಂದಲ್ಲ ಅಂತ ನನಗೆ ಗೊತ್ತು. ಸಾಂಬ್ರಾಣಿ ತಟ್ಟೆಯನ್ನು ಅಲ್ಲೇ ಇಟ್ಟು ಸೀದಾ ಶೆಡ್ಡಿಗೆ ಹೋದೆ. ಇವರು ಯಾವುದೋ ಪಟ್ಟಿಗೆ ಉಜ್ಜುಕಾಗದ ಹಾಕುತ್ತಿದ್ದರು. ಮಗಳು ಅಂದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.

“ಹಂಗಂದ್ಲಾ?” ಅಂದರು. ಉಜ್ಜುಕಾಗದ ಕೆಳಗಿಟ್ಟು ತಮ್ಮ ಬಲಗೈ ನೋಡಿಕೊಂಡರು. ಆಮೇಲೆ, “ಬೀಳಿಸ್ಬಿಟ್ರೆ? ಮರ ಬಿದ್ರೆ ಇನ್ನೊಂದು ಮರ ತರಬಹುದು. ಕೂಸು ಬಿದ್ರೆ ಏನೇ ಮಾಡಲಿ ನಾನು?”

“ಹಂಗಾದ್ರೆ ಅವಳಿಗೆ ನಿಜ ಹೇಳಿ.”

“ಹಸಿ ಬಾಣಂತಿಗೆ ಯಾಕೆ. ನಾಮಕರಣ ಆಗ್ಲಿ. ತೊಟ್ಟಿಲು ಮುಗಿಸ್ತೀನಿ, ಅದನ್ನ ನೋಡಿದ್ರೆ ಅವಳಿಗೇ ಗೊತ್ತಾಗುತ್ತೆ, ನಂಗೆ ಬೇಜಾರಿಲ್ಲ ಅಂತ.”

ತೊಟ್ಟಿಲು ಮಗಳದ್ದೇ. ಅವಳು ಹುಟ್ಟಿದಾಗ ಇವರೇ ಮಾಡಿದ್ದು, ಅಟ್ಟದ ಮೇಲಿತ್ತು. ನಮ್ಮಲ್ಲಿ ಕೂಸು ಹುಟ್ಟಿ ಮನೆಗೆ ಬರುವ ತನಕ ತೊಟ್ಟಿಲಿಗೆ ಕೈ ಹಾಕುವುದಿಲ್ಲ, ಅಟ್ಟದಿಂದ ಇಳಿಸುವುದೂ ಇಲ್ಲ. ಹಾಗಾಗಿ ಇಳಿಸಿ ನೋಡಿದಾಗಲೇ ಗೊತ್ತಾಗಿದ್ದು, ಪೆಟ್ಟಿಗೆ ಗಟ್ಟಿಯಾಗಿದೆ, ಮೇಲಿನ ಕಮಾನು ಮಾತ್ರ ಹುಳ ತಿಂದು ಪುಡಿಯಾಗಿದೆ. ಕಮಾನಿಗೆ ತೂಗುಬಿಟ್ಟಿದ್ದ ಗಿಣಿಗಳೂ ಹೋಗಿದ್ದವು. ಮಗಳು ಕೂಸಾಗಿದ್ದಾಗ ಆ ಗಿಣಿಗಳನ್ನು ನೋಡಿಕೊಂಡೇ ನಿದ್ದೆ ಹೋಗುತ್ತಿದ್ದಳು.

ಸುದ್ದಿ ಕೇಳಿ ನಮ್ಮಣ್ಣ ರಾಜಾನುಕುಂಟೆಯಿಂದ ಆಟೋದಲ್ಲಿ ಒಂದು ಹಲಗೆ ಹಾಕಿಕೊಂಡು ಬಂದ. ಹೊಲದ ಬದುವಿನಲ್ಲಿದ್ದ ದೊಡ್ಡ ಹಿಪ್ಪುನೇರಳೆ ಮರದ್ದು. ಅದರ ಸೊಪ್ಪನ್ನೇ ಕೊಯ್ದು ನಾನು ಹುಳುಗಳಿಗೆ ಹಾಕುತ್ತಿದ್ದದ್ದು. ಆ ಹೊಲ ಈಗ ಲೇಔಟ್ ಆಗಿದೆ, ಮರ ಇದ್ದ ಜಾಗದಲ್ಲಿ ಒಂದು ಸೈಟಿನ ಕಲ್ಲು.

“ಮರ ಕಡಿಯೋ ದಿನ ಒಂದು ಅಲಗೆ ಇಂಗೆ ಮಡೀಕಂಡಿದ್ದೆ ಕಣವ್ವ,” ಅಂದ ಅಣ್ಣ. “ಯಾತಕ್ಕಾರ ಆಯ್ತದೆ ಅಂತ. ನಿನ್ನ ಮೊಮ್ಮಗಳಿಗೇ ಆಗ್ಲಿ.”

ಹಿಪ್ಪುನೇರಳೆ ಬಗ್ಗುವಷ್ಟು ಸೊಗಸಾಗಿ ಬೇರೆ ಮರ ಬಗ್ಗುವುದಿಲ್ಲ ಅಂತ ಇವರು ಯಾವಾಗಲೂ ಹೇಳುತ್ತಿದ್ದರು. ತವರಿನ ಗುಣ ನಿನಗೆ ಮಾತ್ರ ಬರಲಿಲ್ಲ ಅಂತಲೂ ಸೇರಿಸುತ್ತಿದ್ದರು. ಹಲಗೆಯನ್ನು ಮಿಲ್ಲಿನಲ್ಲಿ ತೆಳುವಾಗಿ ಸೀಳಿಸಿ ತಂದೆವು. ಒಂದು ಗಂಟು ನಡುವೆ ಬಂದು, ಕಮಾನಿಗೆ ಬೇಕಾದಷ್ಟು ಉದ್ದದ ಒಳ್ಳೆ ಪಟ್ಟಿ ಉಳಿದದ್ದು ಎರಡೇ. ತುಂಡುಗಳು ಗಿಣಿಗಳಿಗಾದವು.

ಮೊದಲು ಗಿಣಿ ಮಾಡಿದೆವು. ಸಣ್ಣ ಕೆಲಸ, ಒಬ್ಬರೇ ಮಾಡಬಹುದು. ಪಟ್ಟಿಯ ಒಂದು ತುಂಡನ್ನು ಕೊಕ್ಕಿನಿಂದ ಬಗ್ಗಿಸಿ, ಹೊಟ್ಟೆ ತುಂಬಿಸಿ, ಬಾಲವಾಗಿ ಬಿಡಬೇಕು. ಇವರ ಗಿಣಿಗಳು ಮೈ ತುಂಬಿಕೊಂಡಿದ್ದವು. ನನ್ನದೊಂದು ಕೋಳಿಯಾಯಿತು. ಇರಲಿ, ಕೋಳಿಯೂ ತೂಗಲಿ ಅಂದರು.

ಕಮಾನಿನ ದಿನ ಬೆಳಿಗ್ಗೆಯೇ ಪಾತ್ರೆಗೆ ಬೆಂಕಿ ಹಾಕಿದೆ. ಪಟ್ಟಿ ಹಿಂದಿನ ದಿನದಿಂದ ನೀರಿನಲ್ಲಿ ನೆನೆದಿತ್ತು. ಬೆಂದ ಮೇಲೆ ಕೈಗವಸು ಹಾಕಿಕೊಂಡು ಹೊರಗೆಳೆದೆವು. ಅವತ್ತು ಸುತ್ತಿ ಬಂದವಳು ನಾನು. ಒತ್ತಿ ಹಿಡಿದವರು ಇವರು, ತೊಟ್ಟಿಲಿನ ಕಮಾನು ತೀರಾ ಬಾಗಿರುವುದರಿಂದ ಅಚ್ಚಿನ ಹತ್ತಿರ ಅನುಭವದ ಕೈ ಇರಬೇಕು ಅಂತ. ಚೆನ್ನಾಗಿಯೇ ಬಂತು. ತುದಿಯನ್ನು ಇವರ ಬಲಗೈಗೆ ತಂದು ಕೊಟ್ಟೆ.

“ಸಿಕ್ತಾ?”

“ಸಿಕ್ತು.”

ಬಿಟ್ಟೆ. ಬಿಟ್ಟ ಕೂಡಲೇ ಪಟ್ಟಿ ಸಿಡಿದು, ಇವರ ಭುಜಕ್ಕೆ ಬಡಿದು, ಶೆಡ್ಡಿನ ಕಂಬಕ್ಕೆ ತಗಲಿ ನಡುವೆ ಸೀಳಿತು. ಸಿಕ್ಕಿರಲಿಲ್ಲ. ಬೆರಳು ಇನ್ನೂ ಮರವನ್ನು ಹುಡುಕುತ್ತಿದ್ದವು, ನಡುಗುವುದನ್ನು ನಾನು ನೋಡಿಬಿಡುತ್ತೇನೆ ಅಂತ ಅವಸರದಲ್ಲಿ ಸಿಕ್ತು ಅಂದಿದ್ದರು. ಇಷ್ಟು ವರ್ಷದಲ್ಲಿ ಇವರು ಆ ಮಾತನ್ನು ಸುಳ್ಳಾಗಿ ಆಡಿದ್ದು ಅದೇ ಮೊದಲು.

ನಾನು ಮೊದಲು ಭುಜ ಮುಟ್ಟಿ ನೋಡಿದೆ, ಪೆಟ್ಟೇನೂ ಆಗಿರಲಿಲ್ಲ. ಆಮೇಲೆ ಬೈದೆ. ಪಕ್ಕದ ಕಟ್ಟಡದ ಮೂರನೇ ಮಹಡಿಯವರು ಬಾಲ್ಕನಿಗೆ ಬಂದು ನೋಡುವಷ್ಟು ಬೈದೆ.

“ಊರಿಗೆಲ್ಲ ಸುಳ್ಳು ಹೇಳಿ, ಮಗಳಿಗೆ ಹೇಳಿ, ನಂಗೆ ಚಳಿ ಅಂತ ಹೇಳಿ! ಮರಕ್ಕೂ ಹೇಳ್ತೀರಾ? ಸಿಕ್ಕಿಲ್ಲ ಅಂದ್ರೆ ಸಿಕ್ಕಿಲ್ಲ ಅನ್ನಿ! ನಾನು ಬಿಡ್ತಿದ್ನಾ? ಎಷ್ಟು ಹೊತ್ತು ಬೇಕಾದ್ರೂ ಹಿಡ್ಕೊಂಡು ನಿಂತಿರ್ತಿದ್ದೆ ಕಣ್ರೀ!”

ಇವರು ಸೀಳಿದ ಪಟ್ಟಿಯನ್ನು ಎತ್ತಿಕೊಂಡು ಸ್ಟೂಲಿನ ಮೇಲೆ ಕೂತರು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಜಕ್ಕೂರಿನ ಕಡೆಯಿಂದ ಒಂದು ಸಣ್ಣ ವಿಮಾನ ಸದ್ದು ಮಾಡಿಕೊಂಡು ಹೋಯಿತು. ಅದು ಹೋದ ಮೇಲೆ, “ಇನ್ನೊಂದು ಪಟ್ಟಿ ಹಾಕು,” ಅಂದರು.

ಎರಡನೆಯ ಸಲವೂ ನಾನೇ ಸುತ್ತಿ ಬಂದೆ. ತುದಿ ಕೊಟ್ಟೆ. “ಸಿಕ್ತಾ?”

“ಇಲ್ಲ,” ಅಂದರು.

ಹಿಡಿದುಕೊಂಡೇ ಇದ್ದೆ. ಗವಸಿನೊಳಗೆ ಅಂಗೈ ಸುಡುತ್ತಿತ್ತು. ಇವರ ಬೆರಳುಗಳು ಒಂದೊಂದಾಗಿ ಬಂದು ಮರದ ಮೇಲೆ ಕೂತವು, ನಡುಗುತ್ತಲೇ ಬಂದವು, ಆಮೇಲೆ ಮುಷ್ಟಿ ಬಿಗಿಯಿತು. ಬಿಗಿದ ಕೂಡಲೇ ನನ್ನ ಕೈಗೆ ಗೊತ್ತಾಯಿತು, ಪಟ್ಟಿಯೊಳಗಿನ ನಡುಕ ನಿಂತಿದೆ. ಒಂಚೂರೂ ಇಲ್ಲ. ಹಳೇ ಕೈ, ಹಳೇ ಹಿಡಿತ.

“ಸಿಕ್ತು.”

ಬಿಟ್ಟೆ. ನಿಂತಿತು. ಕ್ಲಾಂಪ್ ಹಾಕಿ, ಟ್ಯೂಬು ಸುತ್ತಿ ಕಟ್ಟಿದ ಮೇಲೆ ಇವರ ಕೈ ಮತ್ತೆ ತೊಡೆಯ ಮೇಲೆ ಸುಮ್ಮನೆ ಕೂತಿತು. ಕೂತ ಕೂಡಲೇ ನಡುಗತೊಡಗಿತು. ಆಗ ತಲೆಗೆ ಹೊಳೆಯಿತು. ಈ ಕೈ ನಡುಗುವುದು ಖಾಲಿ ಇದ್ದಾಗ, ಸಡಿಲ ಬಿಟ್ಟಾಗ. ಭಾರ ಕೊಟ್ಟರೆ, ಬಿಗಿ ಹಿಡಿದರೆ, ಸುಮ್ಮನಾಗುತ್ತದೆ. ಹೊಸ್ತಿಲಾಚೆ ನಿಂತು ಬರೀ ಯೋಚಿಸಿದರೆ ನಡುಗದೆ ಇನ್ನೇನು? ಈ ಮಾತನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ವಾದಕ್ಕೆ ಬರುತ್ತಾರೆ, ಮನೆಯಲ್ಲಿ ವಾದ ಮಾಡುವ ಹಕ್ಕು ನನ್ನದು.

ನಾಮಕರಣದ ದಿನ ನಡುಮನೆಯ ತಾರಸಿಯ ಕೊಕ್ಕೆಗೆ ತೊಟ್ಟಿಲು ಕಟ್ಟಿದೆವು. ಹಳೇ ಮನೆ ಕೆಡವಿ ಈ ತಾರಸಿ ಮನೆ ಕಟ್ಟಿಸುವಾಗ, ಮಗಳು ಇನ್ನೂ ಸ್ಕೂಲಿನಲ್ಲಿದ್ದಾಗಲೇ, ಮುಂದೆ ಬೇಕಾಗುತ್ತದೆ ಅಂತ ಇವರು ಆ ಕೊಕ್ಕೆ ಹಾಕಿಸಿದ್ದರು. ಹಿಪ್ಪುನೇರಳೆಯ ಕಮಾನು ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಅದಕ್ಕೆ ಗಿಣಿಗಳು ತೂಗುತ್ತಿದ್ದವು, ನಡುವೆ ನನ್ನ ಕೋಳಿ. ಮಗಳು ಬಂದು ನೋಡಿದಳು, ಕಮಾನಿನ ಉದ್ದಕ್ಕೂ ಕೈ ಆಡಿಸಿದಳು, “ಚೆನ್ನಾಗಿದೆ” ಅಂದು ಒಳಗೆ ಹೋದಳು. ಇವರು ಅಂದುಕೊಂಡಿದ್ದ ಹಾಗೆ ಅವಳಿಗೆ ಏನೂ ಗೊತ್ತಾಗಲಿಲ್ಲ. ಅಪ್ಪ ತೊಟ್ಟಿಲು ಮಾಡಬಲ್ಲರು, ಕೂಸನ್ನು ಮುಟ್ಟಲಾರರು, ಅಷ್ಟೇ ಅವಳಿಗೆ ಕಂಡದ್ದು. ಇವರ ಮುಖ ಸಣ್ಣದಾಯಿತು.

ಶಾಸ್ತ್ರ ಶುರುವಾಯಿತು. ಮೊದಲು ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ, ತೊಟ್ಟಿಲಲ್ಲಿಟ್ಟು ತೂಗಿ ತೆಗೆದೆವು. ಆಮೇಲೆ ಕೂಸಿನದ್ದು. ಈ ಕಡೆ ಕೂತವರು ಕೂಸನ್ನು ತೊಟ್ಟಿಲ ಕೆಳಗಿನಿಂದ ದಾಟಿಸಬೇಕು, ಆ ಕಡೆ ಕೂತವರು ತೆಗೆದುಕೊಂಡು ಎದ್ದು ತೊಟ್ಟಿಲಲ್ಲಿ ಮಲಗಿಸಬೇಕು. ಈ ಕಡೆ ನಾನು. ಆ ಕಡೆ ಇವರ ಅಕ್ಕ ಕೂರಬೇಕಾಗಿತ್ತು. ಅವರು ಮಂಡಿ ಹಿಡಿದುಕೊಂಡು, “ಅಯ್ಯೋ, ಕೂತ್ರೆ ನನ್ನ ಇಬ್ರು ಎತ್ತಬೇಕಮ್ಮ” ಅಂತ ನರಳಿದರು.

ನನಗೆ ಅಷ್ಟು ಸಾಕಾಯಿತು.

“ರೀ, ಬನ್ನಿ ಇಲ್ಲಿ. ಆ ಕಡೆ ಕೂತ್ಕೊಳ್ಳಿ.”

ಇವರು ಬಾಗಿಲ ಹತ್ತಿರ, ಕೈ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದರು. ಅಲ್ಲಾಡಲಿಲ್ಲ.

“ಗಂಡಸರು ತಗೊಳ್ಳೋ ಶಾಸ್ತ್ರ ಎಲ್ಲಿದೆಯಮ್ಮಾ?” ಅಂದರು ಅಕ್ಕ.

“ನಿಮ್ಮ ಮಂಡಿ ಬಗ್ಗಿದ್ರೆ ನೀವೇ ಬನ್ನಿ ಅಕ್ಕ. ಇಲ್ಲಾಂದ್ರೆ ಮರ ಬಗ್ಗಿಸೋರು ಬಗ್ಗಲಿ.”

ಎಲ್ಲರೂ ನಕ್ಕರು. ನಗುವಿನ ನಡುವೆ ಇಲ್ಲ ಅನ್ನಲಾಗದೆ ಇವರು ಬಂದು ಮಂಡಿಯೂರಿದರು. ಮಗಳು ನಗಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ನಾನು ಕೂಸನ್ನು ಎತ್ತಿಕೊಂಡು ಬಗ್ಗಿದೆ. ತೊಟ್ಟಿಲ ಕೆಳಗೆ ಇವರ ಮುಖ ನನಗೆ ಮಾತ್ರ ಕಾಣುತ್ತಿತ್ತು, ನನ್ನದು ಇವರಿಗೆ. ಹಣೆಯಲ್ಲಿ ಬೆವರಿತ್ತು.

“ಬೇಡ ಕಣೇ,” ಅಂದರು ಮೆಲ್ಲಗೆ.

“ಗಟ್ಟಿ ಹಿಡ್ಕೊಂಡ್ರೆ ನಡುಗಲ್ಲ. ಕಮಾನು ಹಿಡಿದಿದ್ದು ಇದೇ ಕೈ. ನನ್ನ ಕೈಗೆ ಗೊತ್ತು,” ಅಂದೆ.

ಕೂಸನ್ನು ಇವರ ಕೈಗಳ ಮೇಲಿಟ್ಟೆ, ನನ್ನ ಕೈ ತೆಗೆಯಲಿಲ್ಲ. ಬಲಗೈ ನಡುಗುತ್ತಿತ್ತು, ಕೂಸಿನ ಬಟ್ಟೆಯ ಅಂಚು ಅದರ ಜೊತೆಗೆ ಕುಣಿಯುತ್ತಿತ್ತು.

“ಸಿಕ್ತಾ?”

“ಇಲ್ಲ.”

ಕಾದೆ. ಮೇಲೆ ಹೆಂಗಸರ ಹಾಡು ಮುಗಿಯಿತು. ಏನಾಯಿತು ಅಂತ ಯಾರೋ ಕೇಳಿದರು. ಇವರ ಬೆರಳುಗಳು ಒಂದೊಂದಾಗಿ ಕೂಸಿನ ಬೆನ್ನ ಕೆಳಗೆ ಹರಡಿದವು. ಅಂಗೈ ಒತ್ತಿತು. ಬಟ್ಟೆಯ ಅಂಚು ನಿಂತಿತು.

“ಸಿಕ್ತು,” ಅಂದರು.

ಹಿಂದೆ ಒಮ್ಮೆ ಈ ಮಾತು ಸುಳ್ಳಾಗಿದ್ದು ನೆನಪಿತ್ತು. ಆದರೂ ಬಿಟ್ಟೆ. ನನ್ನ ಬದುಕಿನಲ್ಲಿ ಇಷ್ಟು ಕಷ್ಟಪಟ್ಟು ಇನ್ನೇನನ್ನೂ ಬಿಟ್ಟಿಲ್ಲ.

ಇವರು ಕೂಸನ್ನು ಎದೆಗೆ ಅವಚಿಕೊಂಡು ಎದ್ದು ನಿಂತರು. ಮಲಗಿಸಿ ಅಂತ ಅಕ್ಕ ಹೇಳುತ್ತಿದ್ದರು. ಇವರಿಗೆ ಕೇಳಿಸಲಿಲ್ಲ. ಕೂಸು ಕಣ್ಣು ಬಿಟ್ಟು ಇವರ ಹುಬ್ಬಿನ ಗಾಯದ ಗುರುತನ್ನು ನೋಡುತ್ತಿತ್ತು, ಇವರು ಕೂಸನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಮೈಮರೆತರು, ಹಿಡಿತ ಒಂದಿಷ್ಟು ಸಡಿಲಾಯಿತು, ಬಲಗೈ ಮತ್ತೆ ಸಣ್ಣಗೆ ನಡುಗತೊಡಗಿತು. ಮುಚ್ಚಿಡಲು ಈಗ ಜೇಬಿಲ್ಲ, ತೊಡೆಯಿಲ್ಲ.

ಮಗಳು ನೋಡಿದಳು. ಕೈ ನೋಡಿದಳು, ಅಪ್ಪನ ಮುಖ ನೋಡಿದಳು, ನನ್ನ ಕಡೆ ತಿರುಗಿದಳು. ನಾನು ಹೌದು ಅಂತ ತಲೆಯಾಡಿಸಿದೆ. ಹೆಣ್ಣಾಯಿತು ಅಂತ ಬೇಜಾರಾ ಎಂದು ಕೇಳಿದ್ದ ಹುಡುಗಿಯ ಮುಖದಲ್ಲಿ ಏನೇನು ಹಾದುಹೋಯಿತೋ ಹೇಳಲಾರೆ. ಎದ್ದು ಬಂದು ಅಪ್ಪನ ಎದುರು ನಿಂತು, ಕೂಸಿನ ಕೆಳಗೆ, ಆ ಕೈಗಳ ಕೆಳಗೆ, ತನ್ನ ಎರಡೂ ಕೈ ಒಡ್ಡಿದಳು.

ಇವರು ಅಭ್ಯಾಸಬಲದಿಂದ ಕೇಳಿದರು. “ಸಿಕ್ತಾ?”

ಅವಳಿಗೆ ಸಿಕ್ಕಿತ್ತು. ನನಗೆ ಕಾಣುತ್ತಿತ್ತು, ಅಪ್ಪನ ಕೈಯೂ ಕೂಸೂ ಪೂರ್ತಿಯಾಗಿ ಅವಳ ಅಂಗೈ ಮೇಲಿದ್ದವು.

“ಇಲ್ಲಪ್ಪ,” ಅಂದಳು ಮಗಳು. “ಇನ್ನೂ ಸಿಕ್ಕಿಲ್ಲ. ಹಿಡ್ಕೊಂಡೇ ಇರಿ.”